ಎರಡು ಬಾರಿ ಕುರ್ಚಿ ಬಿಟ್ಟ ಪಾಟೀಲರು

ಮುದಗಲ್ಲಿನ ಕೋಟೆಯನ್ನು ಯಾರು ಆಳಬೇಕೆಂಬುದು ಮುದಗಲ್ಲಿನಲ್ಲಿ ತೀರ್ಮಾನವಾದದ್ದು ಅಪರೂಪ. ಬಹಮನಿ ಸುಲ್ತಾನರು ಕಲಬುರ್ಗಿಯಿಂದ, ವಿಜಯನಗರದ ಅರಸರು ಹಂಪಿಯಿಂದ, ಆದಿಲ್‌ಶಾಹಿಗಳು ವಿಜಯಪುರದಿಂದ ಇದರ ಕೀಲಿ ಹಿಡಿದಿದ್ದರು. ಆಮೇಲೆ ನಿಜಾಮರ ಹೈದರಾಬಾದು. 1853ರಿಂದ 1860ರವರೆಗೆ ಕೃಷ್ಣಾ–ತುಂಗಭದ್ರಾ ನಡುವಿನ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು. ಮತ್ತೆ ನಿಜಾಮರಿಗೆ ಮರಳಿತು. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆಯೂ ಹೋಯಿತು. ಈ ಊರುಗಳ ಜನ ಮುಂಗಾರಿನ ಕಡೆ ಮುಖ ಮಾಡಿ ಎರೆಭೂಮಿ ಬಿತ್ತುತ್ತಿದ್ದರೆ, ಅವರ ಕಂದಾಯ, ಕಚೇರಿ, ಶಾಲೆಯ ಭಾಷೆ ಎಲ್ಲವನ್ನೂ ದೂರದ ಊರೊಂದು ಗೊತ್ತು ಮಾಡುತ್ತಿತ್ತು.

1956ರ ನವೆಂಬರ್ 1ರಂದು ಆ ದೂರದ ಊರು ಬೆಂಗಳೂರಾಯಿತು. ರಾಯಚೂರು, ಕಲಬುರ್ಗಿ, ಬೀದರ್ ಜಿಲ್ಲೆಗಳ ಕನ್ನಡ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ಮನೆಗೆ ಬಂದ ಈ ಭಾಗದವರಲ್ಲಿ ಒಬ್ಬರು ಹನ್ನೆರಡು ವರ್ಷಗಳೊಳಗೆ ಮುಖ್ಯಮಂತ್ರಿಯಾದರು. ಅವರು ಚಿಂಚೋಳಿಯ ವೀರೇಂದ್ರ ಪಾಟೀಲ. ಅವರ ನಂತರ ಹೈದರಾಬಾದ್ ಕರ್ನಾಟಕದಿಂದ ಆ ಹುದ್ದೆಗೇರಿದವರು ಒಬ್ಬರೇ, 2004ರಲ್ಲಿ ಧರಂಸಿಂಗ್. ಕೃಷ್ಣಾ–ತುಂಗಭದ್ರಾ ನಡುವಿನ ಜನ ರಾಜ್ಯ ರಾಜಕಾರಣದಲ್ಲಿ ಏನು ಪಡೆದರು, ಏನು ಪಡೆಯಲಿಲ್ಲ ಎಂಬುದನ್ನು ತಿಳಿಯಲು ಪಾಟೀಲರ ಬದುಕಿನಷ್ಟು ಒಳ್ಳೆಯ ದಾರಿ ಬೇರೆ ಇಲ್ಲ.

ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು. ಅವರ ಪೀಳಿಗೆಯ ಓದು ಉರ್ದುವಿನ ನೆರಳಲ್ಲಿ ನಡೆಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ, ಕಾನೂನು, ಆಮೇಲೆ ವಕೀಲಿ. ಅವರು ಯೌವನಕ್ಕೆ ಕಾಲಿಟ್ಟಾಗ ಹೈದರಾಬಾದ್ ಸಂಸ್ಥಾನ ಕುದಿಯುತ್ತಿತ್ತು. ನಿಜಾಮರ ಪರವಾಗಿದ್ದ ರಜಾಕಾರರ ಹಾವಳಿಗೆ ಹೆದರಿ ಜನ ಗಡಿ ದಾಟಿದರು. ಮುದಗಲ್ಲಿಗೆ ದೂರವಲ್ಲದ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ ಶಿಬಿರ ಕಟ್ಟಿ ಹೋರಾಟಗಾರರನ್ನು ಕೂಡಿಸಿದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು, 17ರಂದು ನಿಜಾಮರು ಶರಣಾದರು. ಮರುವರ್ಷ ಜಾಗೀರುಗಳು ರದ್ದಾದವು. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತ ಶಿವಮೂರ್ತಿಸ್ವಾಮಿ ಲೋಕಸಭೆಗೆ ಹೋದರು.

ಹೀಗೆ ಈ ಭಾಗದ ಮೊದಲ ಪೀಳಿಗೆಯ ರಾಜಕಾರಣಿಗಳು ಎರಡು ಬಗೆಯವರು. ಒಂದು ಬಗೆ ಶಿಬಿರದಿಂದ ಬಂದದ್ದು, ಇನ್ನೊಂದು ಕೋರ್ಟಿನಿಂದ. ಪಾಟೀಲರು ಎರಡನೆಯ ಬಗೆಗೆ ಸೇರಿದವರು. ಹಳ್ಳಿಯ ಲಿಂಗಾಯತ ಒಕ್ಕಲು ಮನೆತನಗಳ ಬೆಂಬಲ, ಕಾನೂನಿನ ಓದು, ಕಡತದ ಮೇಲಿನ ಹಿಡಿತ, ಪಕ್ಷದ ಹಿರಿಯರ ಮಾತಿಗೆ ತಲೆಬಾಗುವ ಶಿಸ್ತು: ಇವಿಷ್ಟೇ ಅವರ ಬಂಡವಾಳ. ವೇದಿಕೆಯ ಮೇಲೆ ಗುಡುಗುವ ಮನುಷ್ಯ ಅವರಲ್ಲ. ವ್ಯವಸ್ಥೆ ನೆಟ್ಟಗಿದ್ದರೆ ಜನರಿಗೆ ನ್ಯಾಯ ಸಿಗುತ್ತದೆ, ಕೆಡವಿ ಕಟ್ಟುವುದಕ್ಕಿಂತ ಇದ್ದದ್ದನ್ನು ಸರಿಯಾಗಿ ನಡೆಸುವುದು ಮೇಲು ಎಂಬ ನಂಬಿಕೆ ಅವರ ಇಡೀ ರಾಜಕಾರಣದಲ್ಲಿ ಕಾಣುತ್ತದೆ. ಆ ನಂಬಿಕೆಯಿಂದ ಅವರು ಏರಿದರು. ಅದೇ ನಂಬಿಕೆಯಿಂದ ಎರಡು ಸಲ ಇಳಿದರು.

1957ರಲ್ಲಿ ಚಿಂಚೋಳಿಯಿಂದ ಮೈಸೂರು ವಿಧಾನಸಭೆಗೆ ಬಂದ ಪಾಟೀಲರನ್ನು ಎಸ್. ನಿಜಲಿಂಗಪ್ಪ ಬೇಗ ಗುರುತಿಸಿದರು. ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ ಮತ್ತು ಚಿಂಚೋಳಿಯ ಪಾಟೀಲರನ್ನು ನಿಜಲಿಂಗಪ್ಪನವರ ಲವ–ಕುಶರೆಂದೇ ಜನ ಕರೆಯುತ್ತಿದ್ದರು. ಪಾಟೀಲರು ಲೋಕೋಪಯೋಗಿ ಸಚಿವರಾಗಿ ದುಡಿದರು. ಅದು ರಸ್ತೆ, ಸೇತುವೆ, ಅಣೆಕಟ್ಟುಗಳ ಕಾಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಸಿಂಧನೂರು ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಬೆಳೆ ಕಾಲೂರುತ್ತಿದ್ದ ದಿನಗಳವು. ಮುದಗಲ್, ಲಿಂಗಸುಗೂರಿನ ಎತ್ತರದ ಹೊಲಗಳಿಗೆ ಆ ನೀರು ಏರುವಂತಿರಲಿಲ್ಲ. ಅಲ್ಲಿನ ರೈತರ ಆಸೆಯೆಲ್ಲ ಕೃಷ್ಣೆಯ ಮೇಲೆ.

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು. ಮೇ 29ರಂದು 44 ವರ್ಷದ ಪಾಟೀಲರು ಮುಖ್ಯಮಂತ್ರಿಯಾದರು. ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದ ಹಳ್ಳಿಗಾಡಿನ ವಕೀಲನೊಬ್ಬ ಹಳೇ ಮೈಸೂರಿನ ಅಧಿಕಾರಿಗಳ ಸಾಲಿನೆದುರು ಮುಖ್ಯಸ್ಥನಾಗಿ ಕೂತದ್ದು ಸಣ್ಣ ಸಂಗತಿಯಲ್ಲ. ಏಕೀಕರಣ ಕಾಗದದ ಮೇಲಿಂದ ಇಳಿದು ನಿಜವಾದ ಗಳಿಗೆಗಳಲ್ಲಿ ಅದೂ ಒಂದು. 1969ರ ಏಪ್ರಿಲಿನಲ್ಲಿ ಕೇಂದ್ರವು ನ್ಯಾಯಮೂರ್ತಿ ಬಚಾವತ್ ನೇತೃತ್ವದಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯನ್ನು ರಚಿಸಿತು. ದೋಆಬ್‌ನ ಒಣಭೂಮಿಯ ಹಣೆಬರಹ ಮುಂದಿನ ಕೆಲವು ವರ್ಷ ಆ ಮಂಡಳಿಯ ಮುಂದೆ ಕೂತಿತ್ತು.

ಆದರೆ ಆ ವರ್ಷ ಹೆಸರಾದದ್ದು ಬೇರೆ ಕಾರಣಕ್ಕೆ. 1969ರ ಜುಲೈನಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಸೇರಿತು. ಮುಖ್ಯಮಂತ್ರಿಯಾಗಿ ಪಾಟೀಲರೇ ಆತಿಥೇಯರು. ಇಂದಿರಾ ಗಾಂಧಿ ಅವರಿಗೂ ಪಕ್ಷದ ಹಿರಿಯರ ಕೂಟಕ್ಕೂ ನಡುವಿನ ಬಿರುಕು ಅಲ್ಲಿ ಬಯಲಾಯಿತು. ಹಿರಿಯರು ರಾಷ್ಟ್ರಪತಿ ಹುದ್ದೆಗೆ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿದರು. ಜುಲೈ 19ರಂದು ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಆಗಸ್ಟಿನ ರಾಷ್ಟ್ರಪತಿ ಚುನಾವಣೆಯಲ್ಲಿ ಗೆದ್ದದ್ದು ಇಂದಿರಾ ಬೆಂಬಲಿಸಿದ ವಿ.ವಿ. ಗಿರಿ. ನವೆಂಬರಿನಲ್ಲಿ ನಿಜಲಿಂಗಪ್ಪ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು.

ಪಾಟೀಲರ ಮುಂದೆ ಅಂದು ಎರಡು ದಾರಿ ಇದ್ದವು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಊಹಿಸುವುದು ಕಷ್ಟವೇನಿರಲಿಲ್ಲ. ಬೇರೆ ರಾಜ್ಯಗಳಲ್ಲಿ ಅನೇಕರು ಇಂದಿರಾ ಪಾಳಯಕ್ಕೆ ಸರಿದರು. ಮೈಸೂರಿನಲ್ಲಿ ದೇವರಾಜ ಅರಸು ಆ ಪಾಳಯದ ಮುಂದಾಳಾದರು. ಪಾಟೀಲರು ತಮ್ಮ ಗುರುವಿನ ಜೊತೆ, ಹಳೇ ಕಾಂಗ್ರೆಸ್ಸಿನ ಜೊತೆ ನಿಂತರು. ಅವರನ್ನು ಸಂಪ್ರದಾಯನಿಷ್ಠರೆಂದು ಕರೆಯುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಸಂಘಟನೆ ನಾಯಕನಿಗಿಂತ ದೊಡ್ಡದು ಎಂದು ಅವರು ಅಂದುಕೊಂಡಿದ್ದರು, ಅದಕ್ಕೆ ಬೆಲೆಯನ್ನೂ ತೆತ್ತರು. 1971ರ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಶಾಸಕರು ಒಬ್ಬೊಬ್ಬರಾಗಿ ಕೈಬಿಟ್ಟರು. ಮಾರ್ಚ್ 18ರಂದು ಪಾಟೀಲರು ರಾಜೀನಾಮೆ ಕೊಟ್ಟರು. ಮರುದಿನ ರಾಷ್ಟ್ರಪತಿ ಆಳ್ವಿಕೆ ಬಂತು.

ಮುಂದೆ ನಡೆದದ್ದು ಪಾಟೀಲರ ಬಗೆಯ ರಾಜಕಾರಣಕ್ಕೆ ಸಿಕ್ಕ ಉತ್ತರ. 1972ರಲ್ಲಿ ಅರಸು ಅವರ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದಿತು. 1961ರ ಭೂಸುಧಾರಣಾ ಕಾಯ್ದೆ ಗೇಣಿಯನ್ನು ಹತೋಟಿಯಲ್ಲಿಟ್ಟಿತ್ತೇ ಹೊರತು ಬೇರು ಕಿತ್ತಿರಲಿಲ್ಲ. 1974ರ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು. ಲಕ್ಷಗಟ್ಟಲೆ ಗೇಣಿದಾರರು ಭೂಮಿಯ ಹಕ್ಕು ಕೇಳುವ ಫಾರಂ ನಂಬರ್ 7 ಹಿಡಿದು ತಾಲ್ಲೂಕು ಕಚೇರಿಗೆ ಬಂದರು. ಹಾವನೂರು ಆಯೋಗ ಹಿಂದುಳಿದವರಿಗೆ ಮೀಸಲಾತಿಯ ದಾರಿ ತೋರಿಸಿತು. ನಿಜಲಿಂಗಪ್ಪ–ಪಾಟೀಲರ ಕಾಲದ ಸರ್ಕಾರಗಳು ಮಾಡಲು ಹಿಂಜರಿದ ಕೆಲಸಗಳಿವು. ಇಲ್ಲಿ ತೀರ್ಪು ಸ್ಪಷ್ಟವಾಗಿರಬೇಕು: ಇದ್ದ ವ್ಯವಸ್ಥೆಯನ್ನು ಚೆನ್ನಾಗಿ ನಡೆಸುವವರಿಗೆ, ಆ ವ್ಯವಸ್ಥೆಯ ಹೊರಗೆ ನಿಂತವರ ಹಸಿವು ಪೂರ್ತಿ ಕಾಣಲಿಲ್ಲ. ಪಾಟೀಲರ ಪ್ರಾಮಾಣಿಕತೆಯನ್ನು ಎಷ್ಟು ಗೌರವಿಸಿದರೂ ಈ ಮಾತನ್ನು ಬಿಡುವಂತಿಲ್ಲ.

ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು. ತುರ್ತುಪರಿಸ್ಥಿತಿ ಬಂದು ಹೋಯಿತು. ಪಾಟೀಲರು ಜನತಾ ಪಕ್ಷದ ರಾಜ್ಯ ಮುಂದಾಳಾದರು. 1978ರ ನವೆಂಬರಿನಲ್ಲಿ ಅವರ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂತು. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನ ತೆರವು ಮಾಡಿದ್ದರು. ಎದುರಾಳಿಯಾಗಿ ಜನತಾ ಪಕ್ಷ ನಿಲ್ಲಿಸಿದ್ದು ಬಯಲುಸೀಮೆಯ ಪಾಟೀಲರನ್ನು. ಕಾಫಿ ತೋಟಗಳ ನಾಡಿನಲ್ಲಿ ಜಾರ್ಜ್ ಫರ್ನಾಂಡಿಸ್ ಪ್ರಚಾರ ನಡೆಸಿದರು. ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಅದಾಗಿ ಎರಡು ವರ್ಷ ತುಂಬುವ ಮೊದಲೇ ಅವರು ಇಂದಿರಾ ಕಾಂಗ್ರೆಸ್ಸಿನಲ್ಲಿದ್ದರು. 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. 1984ರಲ್ಲಿ ಕಲಬುರ್ಗಿಯಿಂದ ಗೆದ್ದರು. ಭೋಪಾಲ್ ಅನಿಲ ದುರಂತದ ನಂತರದ ಕಷ್ಟದ ತಿಂಗಳುಗಳಲ್ಲಿ ರಸಾಯನ ಮತ್ತು ರಸಗೊಬ್ಬರ ಖಾತೆ ಅವರ ಕೈಯಲ್ಲಿತ್ತು. ಲವ–ಕುಶರು ಈಗ ಎದುರುಬದುರು. ಹೆಗಡೆ 1983ರಲ್ಲಿ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. ಪಾಟೀಲರು ದಿಲ್ಲಿಯ ಕಾಂಗ್ರೆಸ್ ಸರ್ಕಾರದಲ್ಲಿದ್ದರು. ಹತ್ತು ವರ್ಷ ವಿರೋಧಿಸಿದ ನಾಯಕಿಯ ಪಕ್ಷಕ್ಕೆ ಮರಳಿದ್ದು ಅವಕಾಶವಾದ ಎಂದವರುಂಟು. ಹಾಗೆ ಅನ್ನಿಸುವುದು ಸಹಜ. ಆದರೆ ಕಾಂಗ್ರೆಸ್ಸಿನಲ್ಲೇ ಬೆಳೆದವರಿಗೆ ಒಡಕುಗಳ ಗೂಡಾಗಿದ್ದ ಜನತಾ ಪಕ್ಷ ಕೊನೆವರೆಗೂ ಪರವೂರಾಗಿಯೇ ಉಳಿಯಿತು ಎಂಬುದೂ ಅಷ್ಟೇ ನಿಜ.

1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ನವೆಂಬರಿನ ಚುನಾವಣೆಗೆ ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷರು 65 ವರ್ಷದ ಪಾಟೀಲರು. ದೇಶದಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರೆ, ಕರ್ನಾಟಕದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಲೋಕಸಭೆಯ 28ರಲ್ಲಿ 27. ಅರಸು ಕಟ್ಟಿದ ಹಿಂದುಳಿದವರ ನೆಲೆ ಇನ್ನೂ ಇತ್ತು, ಪಾಟೀಲರಿಂದ ಲಿಂಗಾಯತರೂ ಮರಳಿ ಬಂದಿದ್ದರು. ಎರಡು ಕಾಂಗ್ರೆಸ್ಸುಗಳ ಹಳೇ ಜಗಳ ಆ ಒಂದು ಚುನಾವಣೆಯಲ್ಲಿ ಮುಗಿದಂತೆ ಕಂಡಿತು.

ನವೆಂಬರ್ 30ರಂದು ಅವರು ಎರಡನೆಯ ಸಲ ಪ್ರಮಾಣವಚನ ಸ್ವೀಕರಿಸಿದರು. ಈ ಆಡಳಿತವನ್ನು ನೆನೆಯುವವರು ಮೊದಲು ಎತ್ತುವ ಮಾತು ಮದ್ಯದ್ದು. ಸುಂಕ ತಪ್ಪಿಸಿ ಬರುತ್ತಿದ್ದ ‘ಸೆಕೆಂಡ್ಸ್’ ಮಾರಾಟದ ಮೇಲೆ ಸರ್ಕಾರ ಬಿಗಿ ಮಾಡಿತು. ಹೆಂಡದ ದೊರೆಗಳಿಗೆ ಅದು ರುಚಿಸಲಿಲ್ಲ. 1990ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಮೊದಲ ಅವಧಿಯಲ್ಲಿ ಕೃಷ್ಣೆ, ಎರಡನೆಯದರಲ್ಲಿ ಕಾವೇರಿ: ಎರಡು ದೊಡ್ಡ ನದಿಗಳ ನ್ಯಾಯಮಂಡಳಿಗಳೂ ಒಬ್ಬರೇ ಮುಖ್ಯಮಂತ್ರಿಯ ಕಾಲಕ್ಕೆ ಬಂದವು.

ಆಮೇಲೆ ಪಾಟೀಲರಿಗೆ ಪಾರ್ಶ್ವವಾಯು ಬಡಿಯಿತು. ಅವರು ಹಾಸಿಗೆ ಹಿಡಿದಿದ್ದಾಗ, ಅಕ್ಟೋಬರಿನಲ್ಲಿ, ರಾಮನಗರ, ಚನ್ನಪಟ್ಟಣದ ಕಡೆ ಕೋಮುಗಲಭೆ ಹೊತ್ತಿಕೊಂಡಿತು. ಜನ ಸತ್ತರು. ರಾಜೀವ್ ಗಾಂಧಿ ಬಂದು ನೋಡಿ, ಹೊರಡುವಾಗ ಬೆಂಗಳೂರಿನ ವಿಮಾನನಿಲ್ದಾಣದಲ್ಲೇ ನಾಯಕತ್ವ ಬದಲಾಗುತ್ತದೆ ಎಂದು ಪತ್ರಕರ್ತರಿಗೆ ಹೇಳಿದರು. ಶಿಸ್ತಿಗೆ ಹೆಸರಾದ ಪಾಟೀಲರು ಈ ಸಲ ತಲೆಬಾಗಲಿಲ್ಲ. ತಮ್ಮನ್ನು ಆರಿಸಿದವರು ಶಾಸಕರು, ವಿಮಾನನಿಲ್ದಾಣದ ಘೋಷಣೆಯಿಂದ ತಾವು ಹೋಗುವವರಲ್ಲ ಎಂಬುದು ಅವರ ನಿಲುವಿನ ತಿರುಳು. ಗೊಂದಲ ಬಿಗಿಯಾಗಿ, ರಾಜ್ಯಪಾಲ ಭಾನುಪ್ರತಾಪ ಸಿಂಗ್ ಅವರ ವರದಿಯ ಮೇಲೆ ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು.

ಎರಡು ಸಲವೂ ಪಾಟೀಲರು ವಿಧಾನಸಭೆಯ ಮತದಲ್ಲಿ ಸೋತು ಹೋದವರಲ್ಲ. ಎರಡು ಸಲವೂ ಅವರ ಹಿಂದೆ ಬಂದದ್ದು ರಾಷ್ಟ್ರಪತಿ ಆಳ್ವಿಕೆ. ದಿಲ್ಲಿಯಲ್ಲಿ ಎದ್ದ ಗಾಳಿಗೆ 1971ರಲ್ಲಿ ಒಂದು ಸರ್ಕಾರ ಉರುಳಿತು, 1990ರಲ್ಲಿ ದಿಲ್ಲಿಯ ಒಂದು ಮಾತಿಗೆ ಇನ್ನೊಂದು ಉರುಳಿತು. ಅನಾರೋಗ್ಯದಲ್ಲಿದ್ದ ಹಿರಿಯನನ್ನು ನಡೆಸಿಕೊಂಡ ರೀತಿ ಲಿಂಗಾಯತರಲ್ಲಿ ಆಳವಾದ ನೋವು ಉಳಿಸಿತು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಿತು. 1989ರಲ್ಲಿ 4 ಸ್ಥಾನವಿದ್ದ ಬಿಜೆಪಿ 40ಕ್ಕೆ ಏರಿತು. ಆ ಇಳಿತಕ್ಕೆ ಪಾಟೀಲರ ಪದಚ್ಯುತಿಯೊಂದೇ ಕಾರಣವೆನ್ನುವುದು ತಪ್ಪಾದೀತು. ಆದರೂ ಉತ್ತರ ಕರ್ನಾಟಕದ ಹಳ್ಳಿಕಟ್ಟೆಗಳಲ್ಲಿ ರಾಜಕೀಯ ಮಾತಾಡುವವರು ಇವತ್ತಿಗೂ ಆ ಅಕ್ಟೋಬರಿನಿಂದಲೇ ಲೆಕ್ಕ ಶುರು ಮಾಡುತ್ತಾರೆ. ಪಾಟೀಲರು 1997ರ ಮಾರ್ಚ್ 14ರಂದು ತೀರಿಕೊಂಡರು.

ಅವರಿಂದ ಮುದಗಲ್ ಸೀಮೆಗೆ ಬಂದದ್ದೇನು? ಪಾಟೀಲರು ತಮ್ಮ ಪ್ರದೇಶದ ಹಿಂದುಳಿದಿರುವಿಕೆಯನ್ನೇ ಬಾವುಟ ಮಾಡಿಕೊಂಡವರಲ್ಲ. ಇಡೀ ರಾಜ್ಯದ ಮುಖ್ಯಮಂತ್ರಿ ಎನ್ನಿಸಿಕೊಳ್ಳುವುದು ಅವರಿಗೆ ಮುಖ್ಯವಾಗಿತ್ತು. ಅದು ದೊಡ್ಡತನ. ಅದರಿಂದ ಈ ಭಾಗಕ್ಕೆ ನಷ್ಟವೂ ಆಯಿತು. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಜಲಾಶಯ 1982ರಲ್ಲಿ ಸಿದ್ಧವಾಯಿತು. ಎಡದಂಡೆಯ ಸುರಪುರ, ಶಹಾಪುರಗಳು ಮೊದಲು ನೀರು ಕಂಡವು. ಬಲದಂಡೆಯ ಲಿಂಗಸುಗೂರು, ದೇವದುರ್ಗ ಕಾಯಬೇಕಾಯಿತು. ಮಸ್ಕಿ ಸುತ್ತಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಈ ಶತಮಾನದಲ್ಲೂ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಗಿತ್ತು.

ಪಾಟೀಲರು ಎತ್ತದ ಬಾವುಟವನ್ನು ಎತ್ತಿದವರು ವೈಜನಾಥ ಪಾಟೀಲ. ಅವರೂ ಚಿಂಚೋಳಿಯ ಶಾಸಕರೇ. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಬೇಕೆಂದು ಅವರು ದಶಕಗಳ ಕಾಲ ಹೋರಾಡಿದರು. ಕೇಂದ್ರ ಒಮ್ಮೆ ಆಗುವುದಿಲ್ಲವೆಂದಿತು. 2012ರ ಡಿಸೆಂಬರಿನಲ್ಲಿ, ಮಲ್ಲಿಕಾರ್ಜುನ ಖರ್ಗೆ ಕೇಂದ್ರ ಸಚಿವರಾಗಿದ್ದಾಗ, ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿ 371(ಜೆ) ವಿಧಿಯನ್ನು ಸೇರಿಸಿತು. ಇವತ್ತು ಮುದಗಲ್ಲಿನ ಹುಡುಗಿಯೊಬ್ಬಳು ಕಲಬುರ್ಗಿಯ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ, ಆ ವಿಧಿಯ ಮೀಸಲಾತಿಗಾಗಿ ತಾನು ಈ ಪ್ರದೇಶದವಳೆಂಬ ಪ್ರಮಾಣಪತ್ರವನ್ನು ಲಿಂಗಸುಗೂರಿನ ಕಂದಾಯ ಕಚೇರಿಯಿಂದ ಪಡೆದು ಲಗತ್ತಿಸುತ್ತಾಳೆ.