ಅಂಗಳವೇ ಶಾಲೆಯಾದ ಕಥೆ

'ಅಂಗನವಾಡಿ' ಎಂಬ ಮಾತು ಇಂದು ಕನ್ನಡನಾಡಿನ ಹಳ್ಳಿಹಳ್ಳಿಗೂ ಪರಿಚಿತ. ಮಕ್ಕಳಿಗೆ ಮೊಟ್ಟೆ, ಗರ್ಭಿಣಿಯರಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು - ಆ ಹೆಸರು ಕೇಳಿದೊಡನೆ ನೆನಪಾಗುವುದು ಇವೇ. ಆದರೆ ಅದರಲ್ಲಿರುವ 'ಅಂಗನ' ಎಂದರೆ ಮನೆಯ ಮುಂದಿನ ಅಂಗಳ. ಬಯಲಿನಲ್ಲಿ ಕುಳಿತು ಕಥೆ ಕೇಳುತ್ತ, ಕೇಳಿದ ಕಥೆಯನ್ನೇ ಆಟವಾಗಿ ಆಡುತ್ತ ಪುಟ್ಟ ಮಕ್ಕಳು ಕಲಿತ ಒಂದು ಪ್ರಯೋಗದ ನೆನಪು ಆ ಹೆಸರಿನಲ್ಲಿ ಉಳಿದುಕೊಂಡಿದೆ.

ಇದರ ಮೂಲ ಗುಜರಾತಿನ ಭಾವನಗರದಲ್ಲಿದೆ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ (1885-1939) ಮಗ ಹುಟ್ಟಿದ ಮೇಲೆ ಅವನ ವಿದ್ಯಾಭ್ಯಾಸದ ಚಿಂತೆಯಲ್ಲಿ ಇಟಲಿಯ ಮಾರಿಯಾ ಮಾಂಟೆಸರಿ ಅವರ ವಿಚಾರಗಳನ್ನು ಓದಿದರು. ವಕೀಲಿ ಬಿಟ್ಟು ಊರಿನ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಎಳೆಯ ಮಕ್ಕಳಿಗಾಗಿ ಅಲ್ಲಿ ಬಾಲಮಂದಿರ ತೆರೆದರು. ಬೆತ್ತಕ್ಕೆ ಅಲ್ಲಿ ಜಾಗವಿರಲಿಲ್ಲ. ಜನ ಅವರನ್ನು ಪ್ರೀತಿಯಿಂದ 'ಮೀಸೆಯ ತಾಯಿ' ಎಂದು ಕರೆದರು.

ಗುರುವೆಂದು ಒಪ್ಪಿದ ಮಾಂಟೆಸರಿ ಅವರಿಂದ ಗಿಜುಭಾಯಿ ಒಂದು ವಿಷಯದಲ್ಲಿ ದೂರ ಸರಿದರು. ನಿಜ ಯಾವುದು, ಕಲ್ಪನೆ ಯಾವುದು ಎಂದು ತಿಳಿಯದ ವಯಸ್ಸಿನಲ್ಲಿ ಮಕ್ಕಳಿಗೆ ಕಿನ್ನರ ಕಥೆಗಳು ಬೇಡವೆಂಬುದು ಮಾಂಟೆಸರಿ ಅವರ ನಿಲುವು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆಯುವ ನಾಡಿನಲ್ಲಿ ಈ ಮಾತು ಗಿಜುಭಾಯಿಯವರಿಗೆ ಒಗ್ಗಲಿಲ್ಲ. ಅವರು ಜನಪದ ಕಥೆಗಳನ್ನು ಸಂಗ್ರಹಿಸಿ ಮಕ್ಕಳಿಗಾಗಿ ಬರೆದರು. ಕಥೆ ಹೇಳುವ ಕಲೆಯ ಬಗ್ಗೆಯೇ ಒಂದು ಗ್ರಂಥ ರಚಿಸಿದರು. ಮಕ್ಕಳ ನಾಟಕಕ್ಕೆ ಬಾಯಿಪಾಠದ ಮಾತು, ದುಬಾರಿ ವೇಷಭೂಷಣ ಬೇಕಿಲ್ಲವೆಂಬುದು ಅವರ ನಂಬಿಕೆ. ಕಥೆ ಗೊತ್ತಿದ್ದರೆ ಸಾಕು, ಮಾತು ತಾನಾಗಿಯೇ ಬರುತ್ತದೆ. ತನ್ನ ಹೆಸರು ಹೇಳಲೂ ನಾಚುವ ಮಗು ನರಿಯಾದಾಗ ಗಟ್ಟಿಯಾಗಿ ಮಾತನಾಡುತ್ತದೆ. ತನ್ನ ಸರದಿಗೆ ಕಾಯುವುದು, ಮುಂದೇನಾಯಿತೆಂದು ನೆನಪಿಡುವುದು, ಹೊಸ ಪದ ಬಳಸುವುದು - ಎಲ್ಲವೂ ಆ ಆಟದಲ್ಲೇ ಆಗಿಬಿಡುತ್ತದೆ.

ಆದರೆ ಬಾಲಮಂದಿರ ಪಟ್ಟಣದ ಅನುಕೂಲಸ್ಥರ ಮಕ್ಕಳನ್ನು ದಾಟಿ ಬಡವರ ಕೇರಿಗೆ ಹೋಗಬೇಕಿತ್ತು. ಆ ಹೆಜ್ಜೆ ಇಟ್ಟವರು ಗಿಜುಭಾಯಿಯವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್. 1945ರಲ್ಲಿ ಅವರು ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಎಂಬ ಹಳ್ಳಿಯಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರ ಆರಂಭಿಸಿದರು. ಅನುತಾಯಿ ವಾಘ್ ಜೊತೆಗೂಡಿದರು. ಬಾಲವಾಡಿಯೇನೋ ತೆರೆಯಿತು, ದಲಿತರ ಕೇರಿಯ ಮಕ್ಕಳು ಮಾತ್ರ ಬರಲಿಲ್ಲ. ಮಕ್ಕಳು ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕೆಂದು ತಾರಾಬಾಯಿ ನಿರ್ಧರಿಸಿದರು. ಕೇರಿಯ ಅಂಗಳದಲ್ಲೇ ಮಕ್ಕಳ ಮೈ ತೊಳೆದು, ತಲೆ ಬಾಚಿ, ಹಾಡು, ಕಥೆ, ಆಟ ಶುರುವಾಯಿತು. ಅದೇ 'ಅಂಗನವಾಡಿ'. ಮಾಂಟೆಸರಿ ಸಲಕರಣೆಗಳು ದುಬಾರಿ. ಅವುಗಳ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಕಲ್ಲುಗಳು ಬಂದವು.

1957ರಲ್ಲಿ ಕೇಂದ್ರ ಹತ್ತಿರದ ಕೋಸ್‌ಬಾಡ್ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ವಾರ್ಲಿ ಆದಿವಾಸಿ ಮಕ್ಕಳು ದನ ಮೇಯಿಸಲು ಹೋಗುತ್ತಿದ್ದರು. ಶಾಲೆ ಅವರ ಹಿಂದೆಯೇ ಹುಲ್ಲುಗಾವಲಿಗೆ ನಡೆಯಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಅದರ ಕೇಂದ್ರಗಳಿಗೆ ಇದೇ ಹೆಸರು ಬಂತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ಮೊದಲನೆಯದು, ಅಲ್ಲಿ ತೆರೆದದ್ದು 100 ಅಂಗನವಾಡಿಗಳು. ಈಗ ದೇಶದಲ್ಲಿ ಸುಮಾರು 14 ಲಕ್ಷ ಕೇಂದ್ರಗಳಿವೆ. ಹಸಿವು, ಅಪೌಷ್ಟಿಕತೆಗಳ ವಿರುದ್ಧ ಅವು ಮಾಡಿರುವ ಕೆಲಸ ಸಣ್ಣದಲ್ಲ.

ಈ ವಿಸ್ತಾರದಲ್ಲಿ ಅಂಗಳ ಮಾತ್ರ ಕಿರಿದಾಗಿದೆ. ನಗರಗಳಲ್ಲಿ ಎಷ್ಟೋ ಕೇಂದ್ರಗಳು ಬಾಡಿಗೆಯ ಒಂದೇ ಕೋಣೆಯಲ್ಲಿವೆ. ತೂಕ, ಆಹಾರ, ಸಮೀಕ್ಷೆಗಳ ದಾಖಲೆ ಬರೆಯುವುದರಲ್ಲೇ ಕಾರ್ಯಕರ್ತೆಯ ಹೊತ್ತು ಕಳೆಯುತ್ತದೆ. ಮೂರು ವರ್ಷದ ಮಗು ಅಕ್ಷರ ತಿದ್ದಲಿಲ್ಲವೆಂದು ಪೋಷಕರು ಅದನ್ನು ಎಲ್‌ಕೆಜಿಗೆ ಸೇರಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಳೆಯರಿಗೆ ಆಟದ ಮೂಲಕವೇ ಕಲಿಕೆ ಎಂದು ಹೇಳಿದೆ. ಬೋರ್ಡಿಯ ಕೇರಿಯಲ್ಲಿ ಇದನ್ನು 75 ವರ್ಷಗಳ ಹಿಂದೆಯೇ ಮಾಡಿ ತೋರಿಸಲಾಗಿತ್ತು. ಅದಕ್ಕೆ ಬೇಕಾದದ್ದು ಒಂದು ಮರದ ನೆರಳು, ಒಂದು ಕಥೆ, ಮತ್ತು ಅದನ್ನು ಹೇಳಲು ಪುರುಸೊತ್ತಿರುವ ಒಬ್ಬ ಟೀಚರು.