ಕೊಳಗದ ಅಳತೆ ಮತ್ತು ಕಾಗೋಡು

ಭೂಸುಧಾರಣೆ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ದೇವರಾಜ ಅರಸು ಮತ್ತು 1974. ಆದರೆ ಆ ಕಥೆ ಶುರುವಾಗಿದ್ದು ಒಂದು ಕೊಳಗದಿಂದ ಅಂತ ನನಗನ್ನಿಸುತ್ತೆ.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುತ್ತಿದ್ದದ್ದು ಒಡೆಯರ ಕೊಳಗದಲ್ಲಿ. ಅದು ಊರಲ್ಲಿ ಬಳಕೆಯಲ್ಲಿದ್ದ ಕೊಳಗಕ್ಕಿಂತ ದೊಡ್ಡದು! ಲೆಕ್ಕದಲ್ಲಿ ಅಷ್ಟೇ ಕೊಳಗ, ಆದರೆ ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಿಗೆ ಒಡೆಯರ ಕಣಜಕ್ಕೆ. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಕಾಗದ-ಪತ್ರ ಇಲ್ಲದ ಬಾಯಿಮಾತಿನ ಗೇಣಿ. ಎದುರು ಮಾತಾಡಿದರೆ ಹೊಲ ಹೋಯ್ತು ಅಂತಲೇ ಲೆಕ್ಕ.

ಎಚ್. ಗಣಪತಿಯಪ್ಪ ಇವರನ್ನು ಸಂಘಟಿಸಿದರು. ಅಳತೆ ಸರಿಯಾಗಲಿ ಅಂದವರಿಗೆ ಹೊಲವೇ ಕೈತಪ್ಪುವ ಹಾಗಾಯ್ತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರು. ನೇಗಿಲು ಹಿಡಿದು ಹೊಲಕ್ಕಿಳಿಯೋದು, ಬಂಧನ ಆಗೋದು.. ಇಷ್ಟೇ ಅವರ ಹೋರಾಟದ ವಿಧಾನ. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್‌ನಲ್ಲಿ ಬಂದ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೊಳಗಾದರು.

ಸತ್ಯಾಗ್ರಹ ನಿಂತಾಗ ಹೊಲವೇನೂ ರೈತರ ಕೈಗೆ ಬಂದಿರಲಿಲ್ಲ. ಹಾಗಾದ್ರೆ ಸೋತರಾ? ನಾನು ಹಾಗೆ ಹೇಳಲಾರೆ. 1952ರ ಚುನಾವಣೆಯಲ್ಲಿ ಆ ಭಾಗದಿಂದ ಶಾಂತವೇರಿ ಗೋಪಾಲಗೌಡರು ಶಾಸಕರಾದರು. ಗೇಣಿದಾರನ ಮಾತು ವಿಧಾನಸಭೆಗೆ ಹೋಯ್ತು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು. ಅದಕ್ಕೆ ಹಲ್ಲು ಬಂದದ್ದು ಮಾತ್ರ 1974ರ ತಿದ್ದುಪಡಿಯಲ್ಲಿ. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯ್ತು, ಉಳುತ್ತಿದ್ದವರು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಪಡೆಯಬಹುದಾಯ್ತು.

ಆದರೆ ಒಂದು ವಿಷಯ ನನ್ನನ್ನು ಕಾಡುತ್ತೆ. ಈ ಕಾನೂನು ಹೊಲ ಕೊಟ್ಟಿದ್ದು ಗೇಣಿದಾರನಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಅದರಲ್ಲೂ ದಲಿತರು, ಗೇಣಿದಾರರೇ ಆಗಿರಲಿಲ್ಲವಲ್ಲ? ಅರ್ಜಿ ಹಾಕೋದಕ್ಕೂ ಅವರಿಗೊಂದು ಹಕ್ಕು ಬೇಕಿತ್ತು. "ಉಳುವವನೇ ಹೊಲದೊಡೆಯ" ಅನ್ನೋ ಮಾತಿನಲ್ಲಿ ನಾಟಿ ಮಾಡಿದವಳು, ಕಳೆ ಕಿತ್ತವಳು ಎಲ್ಲಿದ್ದಾಳೆ?

2020ರ ತಿದ್ದುಪಡಿಯಲ್ಲಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದು ಅನ್ನೋ ನಿರ್ಬಂಧವನ್ನೂ ತೆಗೆದರು. ಮಾರೋನಿಗೆ ಒಳ್ಳೇ ಬೆಲೆ ಸಿಗಬಹುದು, ನಿಜ. ಆದರೆ ಕೊಳ್ಳೋಕೆ ದುಡ್ಡೇ ಇಲ್ಲದ ಕೂಲಿಯವನಿಗೆ ಹೊಲ ಇನ್ನಷ್ಟು ದೂರ ಆಗಲ್ವಾ?

ಬಡವನ ಹಕ್ಕಿನ ಬಗ್ಗೆ ದೊಡ್ಡ ದೊಡ್ಡ ಮಾತಾಡ್ತೀವಿ. ಕಾಗೋಡಿನವರು ಮೊದಲು ಕೇಳಿದ್ದು ಬಹಳ ಸಣ್ಣದು: ಅಳತೆ ಸರಿ ಇರಲಿ. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಅಂತ ನೋಡೋದನ್ನು ನಾವು ಅವರಿಂದ ಕಲೀಬೇಕು. ನೀವೇನಂತೀರಿ?