ಯೋಹಾನ: ಒಂದು ಹೆಸರು ನಡೆದ ದಾರಿ

ಹೀಬ್ರೂ ಭಾಷೆಯಲ್ಲಿ ಯೋಹಾನ ಎಂಬುದು ಬರಿಯ ಹೆಸರಲ್ಲ, ಒಂದು ಪೂರ್ಣ ವಾಕ್ಯ. ಅದರ ಹಳೆಯ ರೂಪ ಯೆಹೋಹಾನಾನ್. ಮೊದಲ ಭಾಗ ಇಸ್ರಾಯೇಲರ ದೇವರ ಹೆಸರಿನ ತುಣುಕು. ಉಳಿದದ್ದು ‘ಕೃಪೆ ತೋರಿದನು’ ಎಂಬ ಕ್ರಿಯಾಪದ. ಇದೇ ಎರಡು ಭಾಗಗಳನ್ನು ಹಿಂದುಮುಂದಾಗಿಸಿದರೆ ಹನನ್ಯ ಎಂಬ ಹೆಸರಾಗುತ್ತದೆ. ಸಮುವೇಲನ ತಾಯಿ ಹನ್ನಳ ಹೆಸರು ಇದೇ ಧಾತುವಿನದು. ರೋಮನ್ನರನ್ನು ನಡುಗಿಸಿದ ಕಾರ್ಥೇಜಿನ ಹ್ಯಾನಿಬಲ್‌ನ ಹೆಸರೂ ಇದರ ದಾಯಾದಿಯೇ. ಅಲ್ಲಿ ಕೃಪೆ ತೋರುವ ದೇವರು ಮಾತ್ರ ಬೇರೆ, ಬಾಳ್.

ಕ್ರೈಸ್ತ ಧರ್ಮ ಹುಟ್ಟುವ ಮೊದಲೇ ಈ ಹೆಸರು ಯೆಹೂದ್ಯರಲ್ಲಿ ಬಳಕೆಯಲ್ಲಿತ್ತು. ಜೆರೂಸಲೇಮ್ ಬಾಬಿಲೋನಿನ ಕೈಗೆ ಬಿದ್ದ ಮೇಲೆ ಅಳಿದುಳಿದ ಜನರನ್ನು ಈಜಿಪ್ಟಿಗೆ ಕರೆದೊಯ್ದ ಸೇನಾನಾಯಕರಲ್ಲಿ ಒಬ್ಬ ಯೋಹಾನಾನ್ ಎಂದು ಯೆರೆಮೀಯನ ಗ್ರಂಥ ಹೇಳುತ್ತದೆ. ಕ್ರಿ.ಪೂ. 134ರಿಂದ 104ರವರೆಗೆ ಯೂದಾಯವನ್ನು ಆಳಿದ ಹಸ್ಮೋನಿಯ ವಂಶದ ಹಿರ್ಕಾನಸ್‌ನಿಗೂ ಇದೇ ಹೆಸರು. 1968ರಲ್ಲಿ ಜೆರೂಸಲೇಮಿನ ಬಳಿ ಸಿಕ್ಕ ಒಂದು ಅಸ್ಥಿಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಎಂದು ಕೊರೆದಿತ್ತು. ಒಳಗಿದ್ದ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು: ರೋಮನ್ನರು ಶಿಲುಬೆಗೇರಿಸಿದ ಒಬ್ಬನ ಮೂಳೆ ಅದು.

ಹೆಸರಿಗೆ ಲೋಕಪ್ರಸಿದ್ಧಿ ತಂದವರು ಇಬ್ಬರು: ಜೋರ್ದಾನ್ ನದಿಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಯೋಹಾನ ಮತ್ತು ಯೇಸುವಿನ ಶಿಷ್ಯ ಯೋಹಾನ. ಮೊದಲನೆಯವನ ನಾಮಕರಣದ ಪ್ರಸಂಗವನ್ನು ಸುವಾರ್ತೆಕಾರ ಲೂಕನು ವಿವರವಾಗಿ ಬರೆದಿದ್ದಾನೆ. ನೆಂಟರಿಷ್ಟರು ಮಗುವಿಗೆ ತಂದೆಯ ಹೆಸರನ್ನೇ, ಅಂದರೆ ಜಕರೀಯ ಎಂದೇ, ಇಡಲು ಹೊರಟರು. ತಾಯಿ ಎಲಿಸಬೇತಳು ಒಪ್ಪದೆ, ಯೋಹಾನ ಎಂದೇ ಇಡಬೇಕು ಎಂದಳು. ನಿಮ್ಮ ಬಳಗದಲ್ಲಿ ಆ ಹೆಸರಿನವರೇ ಇಲ್ಲವಲ್ಲ ಎಂದು ಅವರು ಆಕ್ಷೇಪಿಸಿದಾಗ, ಮಾತು ಕಳೆದುಕೊಂಡಿದ್ದ ತಂದೆ ಹಲಗೆ ತರಿಸಿ ಯೋಹಾನ ಎಂದು ಬರೆದು ತೋರಿಸಿದನು. ಕುಲದ ಹೆಸರು ಬಿಟ್ಟು ಹೊಸತನ್ನು ಇಡಲು ನಡೆದ ಗುದ್ದಾಟ ಈ ಪ್ರಸಂಗದಲ್ಲಿ ಕಾಣುತ್ತದೆ.

ಗ್ರೀಕರ ಬಾಯಲ್ಲಿ ನಡುವಿನ ಹಕಾರ ಕರಗಿ ಹೆಸರು ಇಯೋಆನ್ನೆಸ್ ಆಯಿತು. ಅರ್ಥವೂ ಅಲ್ಲಿಗೆ ಕಳಚಿತು. ಆಮೇಲೆ ಯುರೋಪಿನಲ್ಲಿ ಈ ಹೆಸರು ಹಬ್ಬಿದ್ದು ದೇವರ ಕೃಪೆಯ ಅರ್ಥದಿಂದಲ್ಲ, ಸಂತರ ಮೇಲಿನ ಭಕ್ತಿಯಿಂದ ಮತ್ತು ಪಂಚಾಂಗದಿಂದ. ಸ್ನಾನಿಕ ಯೋಹಾನನ ಹಬ್ಬ ಜೂನ್ 24ರಂದು, ಕ್ರಿಸ್‌ಮಸ್‌ಗೆ ಆರು ತಿಂಗಳು ಮೊದಲು ಬರುತ್ತದೆ. ಉತ್ತರ ದೇಶಗಳ ಅತಿ ದೀರ್ಘ ಹಗಲುಗಳು ಅವು. ಬೆಂಕಿ ಹೊತ್ತಿಸಿ ಕುಣಿಯುವ ಹಳೆಯ ಆಚರಣೆಗಳು ಈ ಸಂತನ ಹೆಸರಿಗೆ ಸೇರಿಕೊಂಡವು. ಇಟಲಿಯ ಜೊವಾನಿ, ಸ್ಪೇನಿನ ಹ್ವಾನ್, ಫ್ರಾನ್ಸಿನ ಜ್ಯಾಂ, ಜರ್ಮನಿಯ ಹಾನ್ಸ್, ರಷ್ಯದ ಇವಾನ್, ಐರ್ಲೆಂಡಿನ ಶಾನ್, ಆರ್ಮೇನಿಯದ ಹೊವ್ಹಾನ್ನೆಸ್ ಎಲ್ಲವೂ ಒಂದೇ ಹೆಸರು. ಇಂಗ್ಲಿಷಿನ ಜಾನ್ಸನ್, ಜೋನ್ಸ್ ಎಂಬ ಮನೆತನದ ಹೆಸರುಗಳೂ ಇದರಿಂದಲೇ ಬಂದವು; ಹೆಣ್ಣುಮಕ್ಕಳಿಗೆ ಜೇನ್, ಜೋನ್ ದಕ್ಕಿದವು. 533ರಲ್ಲಿ ಪೋಪ್ ಪದವಿಗೇರಿದ ಮರ್ಕ್ಯೂರಿಯಸ್ ಎಂಬಾತ, ರೋಮನ್ ದೇವತೆಯ ಹೆಸರು ಆ ಪೀಠಕ್ಕೆ ಸಲ್ಲದೆಂದು ಎರಡನೆಯ ಜಾನ್ ಎನಿಸಿಕೊಂಡ. ಪೋಪರು ಅತಿ ಹೆಚ್ಚು ಬಾರಿ ಆರಿಸಿಕೊಂಡ ಹೆಸರೂ ಇದೇ.

ಕುರಾನಿನಲ್ಲಿ ಸ್ನಾನಿಕ ಯೋಹಾನ ಯಹ್ಯಾ ಎಂಬ ಪ್ರವಾದಿ. ಮರ್ಯಮ್ ಅಧ್ಯಾಯದ ಪ್ರಕಾರ ಆ ಹೆಸರನ್ನು ಅದಕ್ಕೆ ಮೊದಲು ಯಾರಿಗೂ ಕೊಟ್ಟಿರಲಿಲ್ಲ. ಅರಬ್ ಕ್ರೈಸ್ತರು ಮಾತ್ರ ಯುಹನ್ನಾ ಎನ್ನುತ್ತಾರೆ.

ಭಾರತಕ್ಕೆ ಹೆಸರು ಒಂದೇ ದಾರಿಯಲ್ಲಿ ಬರಲಿಲ್ಲ. ಕೇರಳದ ಪ್ರಾಚೀನ ಕ್ರೈಸ್ತರ ಯೋಹನ್ನಾನ್, ಉಲಹನ್ನಾನ್ ರೂಪಗಳ ಹಿಂದೆ ಸಿರಿಯಾಕ್ ಭಾಷೆಯಿದೆ. ಗೋವೆಗೆ ಪೋರ್ಚುಗೀಸರು ತಂದ ಜುವಾಂವ್, ಅಲ್ಲಿಂದ ವಲಸೆ ಬಂದ ಕುಟುಂಬಗಳೊಡನೆ ಕರಾವಳಿ ಕರ್ನಾಟಕಕ್ಕೂ ಇಳಿಯಿತು. ಗೋವೆಯಲ್ಲಿ ಜೂನ್ 24ರಂದು ಹೂವಿನ ಕಿರೀಟ ತೊಟ್ಟು ಬಾವಿಗೆ ಹಾರುವುದುಂಟು. ಗರ್ಭದಲ್ಲಿದ್ದ ಯೋಹಾನ ಹಿಗ್ಗಿನಿಂದ ನಲಿದದ್ದರ ನೆನಪು ಎಂಬುದು ಅದಕ್ಕೆ ಕೊಡುವ ವಿವರಣೆ. ಮಳೆಗಾಲದಲ್ಲಿ ತುಂಬಿದ ಬಾವಿಯ ಸೆಳೆತವೂ ಕಡಿಮೆಯದ್ದಲ್ಲ. ಕನ್ನಡದಲ್ಲಿ ಪ್ರೊಟೆಸ್ಟೆಂಟರ ಬೈಬಲ್ ಯೋಹಾನ ಎಂದರೆ, ಕ್ಯಾಥೊಲಿಕರ ಅನುವಾದ ಯೊವಾನ್ನ ಎನ್ನುತ್ತದೆ. ಇಂಗ್ಲಿಷ್ ಆಳ್ವಿಕೆಯ ಕಾಲದಿಂದ ಜಾನ್ ಎಂಬ ರೂಪವೂ ಇವುಗಳ ಜೊತೆ ನೆಲೆ ನಿಂತಿದೆ.